ಸರದಿ, ಸವಾಲು, ನಿರಾಶೆ: ಆಟಗಾರರ ಆಯ್ಕೆಯ ಚರಿತ್ರೆಯಲ್ಲಿ ಕರ್ನಾಟಕದ ಕೆಲವು ಪ್ರಸಂಗಗಳು (2008–2025)

2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ಐಪಿಎಲ್‌ನ ಮೊದಲ ಹರಾಜು ನಡೆಯಿತು. ಅದರ ಗದ್ದಲದಲ್ಲಿ, ಮರುತಿಂಗಳು ನಡೆದ ಇನ್ನೊಂದು ಆಯ್ಕೆ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದಿದ್ದ ಹುಡುಗರನ್ನು ತಂಡಗಳಿಗೆ ಹಂಚಬೇಕಿತ್ತು. ಅವರನ್ನು ಹರಾಜಿಗಿಡದೆ, ತಂಡಗಳಿಗೆ ಸರದಿ ಗೊತ್ತುಮಾಡಿ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳಲು ಹೇಳಲಾಯಿತು. ಬೆಂಗಳೂರಿಗಿಂತ ಮೊದಲು ಸರದಿ ಬಂದ ದೆಹಲಿ ತಂಡ, ತನ್ನ ಊರಿನವನೇ ಆದ ವಿಶ್ವಕಪ್ ನಾಯಕ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು. ಕೊಹ್ಲಿ ಬೆಂಗಳೂರಿಗೆ ಬಂದರು.

ಈಗ ಇದನ್ನು ಕೇಳಿದವರು ನಗುತ್ತಾರೆ. ಆದರೆ ಆ ಹೊತ್ತಿಗೆ ದೆಹಲಿಯ ಕೈಯಲ್ಲಿ ಸೆಹವಾಗ್, ಗಂಭೀರ್, ಧವನ್ ಇದ್ದರು. ಬ್ಯಾಟಿಗರ ಸಾಲು ತುಂಬಿದ್ದ ತಂಡ ಬೌಲರನನ್ನು ಹುಡುಕಿದ್ದು ಅವಿವೇಕವಲ್ಲ. ಹುಸಿಹೋದ ಆಯ್ಕೆಗಳ ಚರಿತ್ರೆಯನ್ನು ಬರೆಯುವವರಿಗೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಆರಿಸಿದವರಿಗೆ ಅದು ಗೊತ್ತಿರಲಿಲ್ಲ. ಹೀಗಾಗಿ ಈ ಲೇಖನ ಆಟಗಾರನಿಗಿಂತ ಹೆಚ್ಚಾಗಿ ಅವನನ್ನು ಆರಿಸಿದ ಮೇಜಿನ ಕಡೆ ನೋಡುತ್ತದೆ.

ಸರದಿಯ ಆಯ್ಕೆ ಹುಟ್ಟಿದ್ದು ಅಮೆರಿಕದ ಫುಟ್‌ಬಾಲ್‌ನಲ್ಲಿ. ಸೋಲುತ್ತಲೇ ಇದ್ದ ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ 1935ರಲ್ಲಿ ಒಂದು ಸಲಹೆ ಮುಂದಿಟ್ಟ: ಕಾಲೇಜು ಮುಗಿಸಿದ ಆಟಗಾರರನ್ನು ದುಡ್ಡಿದ್ದವರೇ ಬಾಚಿಕೊಳ್ಳುವುದು ನಿಲ್ಲಲಿ, ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ ಸಿಗಲಿ. 1936ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಈ ಪದ್ಧತಿ ಜಾರಿಗೆ ಬಂತು. ಮೊಟ್ಟಮೊದಲು ಕೂಗಿದ ಹೆಸರು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್‌ನದು. ಸಂಬಳದ ಮಾತು ಹೊಂದಲಿಲ್ಲ, ಆತ ವೃತ್ತಿಪರ ಪಂದ್ಯ ಒಂದನ್ನೂ ಆಡಲಿಲ್ಲ. ಅಂದರೆ ಈ ಪದ್ಧತಿಯ ಮೊದಲ ಆಯ್ಕೆಯೇ ಹುಸಿಹೋಯಿತು!

ಆಮೇಲಿನ ಪಟ್ಟಿ ಉದ್ದವಾಗಿದೆ. 1998ರಲ್ಲಿ ಪೇಟನ್ ಮ್ಯಾನಿಂಗ್ ಮೇಲೋ ರಯಾನ್ ಲೀಫ್ ಮೇಲೋ ಎಂಬ ಚರ್ಚೆ ಗಂಭೀರವಾಗಿಯೇ ನಡೆದಿತ್ತು. ಎರಡನೆಯವನಾಗಿ ಸ್ಯಾನ್ ಡಿಯಾಗೊ ಸೇರಿದ ಲೀಫ್ ಮೊದಲ ಋತುವಿನಲ್ಲಿ 2 ಟಚ್‌ಡೌನ್ ಎಸೆತಕ್ಕೆ 15 ಸಲ ಚೆಂಡನ್ನು ಎದುರಾಳಿಯ ಕೈಗಿತ್ತ. 2007ರ ಮೊದಲ ಆಯ್ಕೆ ಜಮಾರ್ಕಸ್ ರಸೆಲ್‌ನನ್ನು ಓಕ್‌ಲ್ಯಾಂಡ್ ತಂಡ 2010ರಲ್ಲೇ ಕೈಬಿಟ್ಟಿತು. ಇತ್ತ 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದ. ಎಳೆಯ ಆಟಗಾರರಿಗೆ ಸುರಿಯುತ್ತಿದ್ದ ಹಣಕ್ಕೆ ಅಲ್ಲಿ ಲಗಾಮು ಬಿದ್ದದ್ದು 2011ರ ಒಪ್ಪಂದದಿಂದ.

ಭಾರತ ಹಿಡಿದ ದಾರಿ ಸವಾಲಿನದು, ಅಂದರೆ ಹರಾಜಿನದು. ಸರದಿಯಲ್ಲಿ ತಪ್ಪಿದರೆ ಒಂದು ಅವಕಾಶ ಹೋಗುತ್ತದೆ. ಸವಾಲಿನಲ್ಲಿ ತಪ್ಪಿದರೆ ಕೊನೆಯಲ್ಲಿ ಕೂಗಿದ ಮೊತ್ತ ಆಟಗಾರನ ಹೆಸರಿಗೇ ಅಂಟಿಕೊಳ್ಳುತ್ತದೆ. ಆ ಮೊತ್ತವನ್ನು ಅವನು ಕೇಳಿರುವುದಿಲ್ಲ. ಎರಡು ಮೇಜುಗಳ ನಡುವಿನ ಹಟ ಅದನ್ನು ಗೊತ್ತುಮಾಡುತ್ತದೆ.

ಬೆಂಗಳೂರು ತಂಡದ ಇತಿಹಾಸದಲ್ಲಿ ಇದಕ್ಕೆ ಸಾಕ್ಷಿ ಹೇರಳ. 2009ರಲ್ಲಿ 15.5 ಲಕ್ಷ ಡಾಲರ್ ಕೊಟ್ಟು ತಂದ ಕೆವಿನ್ ಪೀಟರ್ಸನ್ ಆರು ಪಂದ್ಯಗಳಿಗೆ ನಾಯಕನಾಗಿ ಇಂಗ್ಲೆಂಡಿಗೆ ಮರಳಿದರು. ಅನಿಲ್ ಕುಂಬ್ಳೆ ಹೊಣೆ ಹೊತ್ತು ತಂಡವನ್ನು ಫೈನಲ್‌ಗೆ ಒಯ್ದರು. 2011ರಲ್ಲಿ ಸೌರಭ್ ತಿವಾರಿಗೆ 16 ಲಕ್ಷ ಡಾಲರ್ ಬಿತ್ತು. ಅದೇ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಡರ್ಕ್ ನ್ಯಾನಸ್ ಬದಲಿಗೆ ನಡುವೆ ಬಂದು ಸೇರಿದ ಗೇಲ್, 608 ರನ್ ಹೊಡೆದು ಆ ವರ್ಷದ ಗರಿಷ್ಠ ರನ್ ಗಳಿಕೆದಾರರಾದರು. 2017ರಲ್ಲಿ 12 ಕೋಟಿಯ ಟೈಮಲ್ ಮಿಲ್ಸ್ 5 ಪಂದ್ಯಗಳಲ್ಲಿ 5 ವಿಕೆಟ್, 2021ರಲ್ಲಿ 15 ಕೋಟಿಯ ಕೈಲ್ ಜೇಮಿಸನ್ 9 ಪಂದ್ಯಗಳಲ್ಲಿ 9 ವಿಕೆಟ್ ಪಡೆದರು.

ಇವೆಲ್ಲಕ್ಕಿಂತ ಹೆಚ್ಚು ಪರಿಶೀಲಿಸಬೇಕಾದದ್ದು 2014ರ ಯುವರಾಜ್ ಸಿಂಗ್ ಪ್ರಕರಣ. 10 ಕೋಟಿಗೆ ಸುತ್ತಿಗೆ ಬಿದ್ದ ಮೇಲೆ ಕೋಲ್ಕತ್ತ ತಕರಾರು ತೆಗೆಯಿತು, ಸವಾಲು ಮತ್ತೆ ಶುರುವಾಯಿತು, 14 ಕೋಟಿಗೆ ನಿಂತಿತು. ಮಾಲೀಕ ವಿಜಯ್ ಮಲ್ಯ ಸಿಟ್ಟಾದರು. ಋತು ಮುಗಿದಾಗ ತಂಡ ಏಳನೆಯ ಸ್ಥಾನದಲ್ಲಿತ್ತು, ಯುವರಾಜ್ ಅವರನ್ನು ಕೈಬಿಡಲಾಯಿತು, ದುಬಾರಿ ಸೋಲು ಎಂಬ ಮಾತು ನಿಂತುಹೋಯಿತು. ಅಂಕಿಅಂಶ ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಯುವರಾಜ್ 14 ಪಂದ್ಯಗಳಲ್ಲಿ 376 ರನ್ ಹೊಡೆದಿದ್ದರು, ನಾಯಕ ಕೊಹ್ಲಿ ಅಷ್ಟೇ ಪಂದ್ಯಗಳಲ್ಲಿ 359. ಆ ವರ್ಷ ಬೆಂಗಳೂರಿನ ಪರ ಯುವರಾಜ್‌ಗಿಂತ ಹೆಚ್ಚು ರನ್ ಮಾಡಿದವರು 395 ಗಳಿಸಿದ ಎಬಿ ಡಿವಿಲಿಯರ್ಸ್ ಮಾತ್ರ. ರಾಜಸ್ಥಾನದ ವಿರುದ್ಧ ಚಿನ್ನಸ್ವಾಮಿ ಅಂಗಳದಲ್ಲಿ ಯುವರಾಜ್ 83 ರನ್ ಬಾರಿಸಿ 4 ವಿಕೆಟ್ ಕಿತ್ತ ದಿನವೂ ತಂಡ ಸೋತಿತು. ಹಾಗಾದರೆ ವಿಫಲವಾದದ್ದು ಆಟವೋ, ಆ ಹೆಚ್ಚುವರಿ ನಾಲ್ಕು ಕೋಟಿಯೋ? ಮರುವರ್ಷ ದೆಹಲಿ ಅವರಿಗೆ 16 ಕೋಟಿ ಕೊಟ್ಟಿತು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಕರ್ನಾಟಕದಿಂದ ಹೊರಗೆ ಮಾರಾಟವಾದವರ ಕಥೆ ಇನ್ನೂ ಕಠಿಣ. ಕೊಡಗಿನ ಸ್ಪಿನ್ನರ್ ಕೆ.ಸಿ. ಕಾರಿಯಪ್ಪ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆಪಿಎಲ್) ಬಿಜಾಪುರ ಬುಲ್ಸ್ ಪರ ಆಡಿ ಕಣ್ಣಿಗೆ ಬಿದ್ದವರು. ರಾಜ್ಯ ತಂಡಕ್ಕೆ ಇನ್ನೂ ಆಡಿರಲಿಲ್ಲ. 2015ರಲ್ಲಿ 10 ಲಕ್ಷದ ಮೂಲಬೆಲೆಯಿಂದ 2.4 ಕೋಟಿಗೆ ಏರಿ ಕೋಲ್ಕತ್ತ ಸೇರಿದರು. ಆ ವರ್ಷ ಆಡಲು ಸಿಕ್ಕಿದ್ದು ಒಂದೇ ಪಂದ್ಯ.

ಕೃಷ್ಣಪ್ಪ ಗೌತಮ್ 2018ರಲ್ಲಿ 6.2 ಕೋಟಿಗೆ ರಾಜಸ್ಥಾನ ಸೇರಿದರು. ಮುಂಬೈ ವಿರುದ್ಧ 11 ಎಸೆತಗಳಲ್ಲಿ ಅಜೇಯ 33 ಹೊಡೆದು ಪಂದ್ಯ ಗೆಲ್ಲಿಸಿದರು. 2019ರ ಆಗಸ್ಟ್‌ನಲ್ಲಿ ಕೆಪಿಎಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಶಿವಮೊಗ್ಗದ ವಿರುದ್ಧ 56 ಎಸೆತಗಳಲ್ಲಿ ಅಜೇಯ 134 ರನ್ ಗಳಿಸಿ, ಅದೇ ಪಂದ್ಯದಲ್ಲಿ 15 ರನ್ನಿಗೆ 8 ವಿಕೆಟ್ ಪಡೆದರು. ನಂಬುವುದು ಕಷ್ಟವಾದರೂ ನಡೆದದ್ದು. ಆದರೆ ಕೆಪಿಎಲ್ ಪಂದ್ಯಗಳಿಗೆ ಅಧಿಕೃತ ಟಿ20 ಮಾನ್ಯತೆ ಇರದ ಕಾರಣ ಅದು ದಾಖಲೆಯ ಪುಸ್ತಕ ಸೇರಲಿಲ್ಲ. 2021ರಲ್ಲಿ ಚೆನ್ನೈ 9.25 ಕೋಟಿ ಕೊಟ್ಟಿತು. ಅಂತರರಾಷ್ಟ್ರೀಯ ಪಂದ್ಯ ಆಡಿರದ ಆಟಗಾರನಿಗೆ ಅಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಬೆಲೆ ಅದು. ಚೆನ್ನೈ ಆ ವರ್ಷ ಪ್ರಶಸ್ತಿ ಗೆದ್ದಿತು. ಗೌತಮ್ ಒಂದು ಪಂದ್ಯದಲ್ಲೂ ಕಣಕ್ಕಿಳಿಯಲಿಲ್ಲ. ಮರುವರ್ಷ ಲಖನೌ ಕೊಟ್ಟದ್ದು 90 ಲಕ್ಷ. ಆಡದೇ ಇದ್ದವನ ಬೆಲೆ ಹತ್ತನೆಯ ಒಂದು ಭಾಗಕ್ಕೆ ಇಳಿಯಲು ಅವನ ಆಟದ ದೋಷವಂತೂ ಕಾರಣವಾಗಿರಲಾರದು. ನನ್ನ ಮಟ್ಟಿಗೆ ಇದು ಈ ಚರಿತ್ರೆಯ ಅತ್ಯಂತ ಅನ್ಯಾಯದ ಪುಟ.

ಕೊಳ್ಳುವವರ ಎಚ್ಚರ ಹೇಗಿರಬೇಕೆಂಬುದಕ್ಕೆ ಬೇರೊಂದು ಅಖಾಡ ನೋಡಬಹುದು. ಹಾವೇರಿ ಜಿಲ್ಲೆಯ ಮಾಸೂರು, ಹಿರೇಕೆರೂರು ಸೀಮೆಯಲ್ಲಿ ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಸ್ಪರ್ಧೆಗಳು ಸಾಲುಗಟ್ಟುತ್ತವೆ. ಅಖಾಡದಲ್ಲಿ ಕೊರಳಿನ ಕೊಬ್ಬರಿ ಹಾರವನ್ನು ಯಾರ ಕೈಗೂ ಕೊಡದೆ ಓಡಿದ ಹೋರಿಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆ. ಆದರೂ ಪಳಗಿದ ರೈತ ಒಂದು ಓಟ ನೋಡಿ ದುಡ್ಡು ಬಿಚ್ಚುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ಬೇರೆ ಊರಿನ ಅಖಾಡದಲ್ಲಿ ಹೇಗೆ ಓಡಿತ್ತೆಂದು ವಿಚಾರಿಸುತ್ತಾನೆ. ಕೋಟಿಗಟ್ಟಲೆ ಕೈಯಲ್ಲಿರುವ ಫ್ರಾಂಚೈಸಿಗಳು ಎಷ್ಟೋ ಸಲ ಒಂದೇ ಓಟ ನೋಡಿ ಕೊಂಡಿವೆ. ಅಭಿನವ್ ಮನೋಹರ್ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯಲ್ಲಿ 2024ರಲ್ಲಿ 52 ಸಿಕ್ಸರ್ ಸಿಡಿಸಿದರು, ಹೈದರಾಬಾದ್ 3.2 ಕೋಟಿ ಕೊಟ್ಟಿತು, 2025ರ ಐಪಿಎಲ್‌ನಲ್ಲಿ ಅವರಿಂದ ಒಂದು ಅರ್ಧಶತಕವೂ ಬರಲಿಲ್ಲ.

ಸವಾಲಿನ ಈ ದೋಷವನ್ನು ಹಿಂದೆಯೇ ಗುರುತಿಸಲಾಗಿತ್ತು. ಸಮುದ್ರದಡಿಯ ತೈಲ ಗುತ್ತಿಗೆಯ ಸವಾಲುಗಳನ್ನು ಗಮನಿಸಿದ ಕೇಪನ್, ಕ್ಲಾಪ್, ಕ್ಯಾಂಬೆಲ್ ಎಂಬ ಮೂವರು ಎಂಜಿನಿಯರುಗಳು 1971ರಲ್ಲಿ ಹೇಳಿದ್ದಿಷ್ಟು: ಎಲ್ಲರೂ ಅಂದಾಜಿನ ಮೇಲೆ ಕೂಗುವಾಗ ಗೆಲ್ಲುವವನು ಅತಿ ಹೆಚ್ಚು ಅಂದಾಜಿಸಿದವನೇ, ಹಾಗಾಗಿ ಗೆಲುವಿನೊಳಗೇ ನಷ್ಟ ಅಡಗಿರುತ್ತದೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಫುಟ್‌ಬಾಲ್‌ಗೆ ಈ ನೋಟವನ್ನು ಹೊಂದಿಸಿ, ತಂಡಗಳು ಮೊದಮೊದಲ ಆಯ್ಕೆಗಳಿಗೆ ಅತಿಯಾದ ಬೆಲೆ ಕಟ್ಟುತ್ತವೆ ಎಂದು ತೋರಿಸಿತು.

ಪ್ರೊ ಕಬಡ್ಡಿ ಲೀಗ್‌ನ ಸವಾಲಿನಲ್ಲೂ ಇದೇ ಕಥೆ. ಬೆಂಗಳೂರು ಬುಲ್ಸ್‌ಗೆ 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ತಂದುಕೊಟ್ಟ ರೈಡರ್ ಪವನ್ ಸೆಹ್ರಾವತ್‌ರನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಅವರು ಋತುವಿನಿಂದಲೇ ಹೊರಬಿದ್ದರು. ವಿಚಿತ್ರವೆಂದರೆ ಅವರಿಲ್ಲದ ತಲೈವಾಸ್ ಆ ವರ್ಷ ಸೆಮಿಫೈನಲ್ ತಲುಪಿತು. ಮರುವರ್ಷ 2.6 ಕೋಟಿಗೂ ಹೆಚ್ಚು ಕೊಟ್ಟು ಅವರನ್ನು ಕೊಂಡ ತೆಲುಗು ಟೈಟನ್ಸ್ ಪಟ್ಟಿಯ ತಳದಲ್ಲಿ ಉಳಿಯಿತು. 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ತಂದದ್ದು ಲೀಗ್‌ನ ಅತ್ಯಧಿಕ ರೈಡ್ ಅಂಕಗಳ ಒಡೆಯ ಪರ್ದೀಪ್ ನರ್ವಾಲ್‌ರನ್ನು. 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡೇ. ಏಳು ಜನರ ಆಟದಲ್ಲಿ ಒಬ್ಬನ ಮೇಲೆ ಇಷ್ಟು ಭಾರ ಹೊರಿಸುವುದು ಕ್ರಿಕೆಟ್‌ಗಿಂತ ಸುಲಭ, ಅಪಾಯವೂ ಹೆಚ್ಚು.

ನಮ್ಮಲ್ಲಿ ಸರದಿಯ ಪದ್ಧತಿ ಒಮ್ಮೆ ಮರಳಿ ಬಂದಿತ್ತು. 2022ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಆರಂಭಿಸಿದ ಮಹಾರಾಜ ಟ್ರೋಫಿಯ ಮೊದಲ ಆವೃತ್ತಿಯಲ್ಲಿ ಆಟಗಾರರನ್ನು ದರ್ಜೆವಾರು ವಿಂಗಡಿಸಿ, ದರ್ಜೆಗೆ ತಕ್ಕ ಸಂಭಾವನೆ ನಿಗದಿ ಮಾಡಿ, ತಂಡಗಳು ಸರದಿಯಂತೆ ಆರಿಸಿಕೊಂಡವು. ಒಂದೇ ದರ್ಜೆಯವರಿಗೆಲ್ಲ ಒಂದೇ ಮೊತ್ತ ಇದ್ದುದರಿಂದ, ಯಾರಾದರೂ ವಿಫಲರಾದರೂ ಕೋಟಿ–ಲಕ್ಷಗಳ ಲೆಕ್ಕ ಅವರ ಬೆನ್ನು ಹತ್ತಲಿಲ್ಲ. 2023ರಲ್ಲಿ ಅಲ್ಲಿಯೂ ಹರಾಜು ಬಂತು. ಮೊದಲ ಹರಾಜಿನಲ್ಲೇ ಒಬ್ಬ ಆಟಗಾರನ ಬೆಲೆ 15 ಲಕ್ಷ ಮುಟ್ಟಿತು.