ಮೀನಿನ ಮೈಕಟ್ಟು, ಕಾವೇರಿಯ ಆರೋಗ್ಯ

ಮೈಸೂರಿನ ಕೆಸರೆಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಕೊಳಚೆ ನೀರು ಶುದ್ಧೀಕರಿಸಬಲ್ಲ ಘಟಕವಿದೆ. ನಗರದ ಈ ಮಗ್ಗುಲಿನ ಇಳಿಜಾರು ಕಾವೇರಿಯ ಕಡೆಗೆ. ಊರ ನೀರು ಸೇರುವ ನದಿಯಲ್ಲಿ ಮೀನುಗಳು ಹೇಗಿವೆ ಎಂದು ತಿಳಿಯಲು ವಿಜ್ಞಾನಿಗಳು ಮೊದಲು ಹಿಡಿಯುವುದು ಅಳತೆಪಟ್ಟಿ ಮತ್ತು ತಕ್ಕಡಿ. ಇವೆರಡನ್ನು ನಂಬಿ ಬೆಳೆದ ಅಧ್ಯಯನಕ್ಕೆ ಶತಮಾನ ದಾಟಿದೆ.

ಆಕಾರ ಬದಲಾಗದೆ ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗಬೇಕು. ಇದು ಘನ ನಿಯಮ. ಸ್ಕಾಟ್ಲೆಂಡಿನ ಫುಲ್ಟನ್ 1904ರಲ್ಲಿ ಸಾವಿರಾರು ಸಮುದ್ರ ಮೀನುಗಳನ್ನು ಅಳೆದು, ಜಾತಿ, ಜಾಗ, ಕಾಲಕ್ಕೆ ತಕ್ಕಂತೆ ಈ ಲೆಕ್ಕ ತಪ್ಪುತ್ತದೆಂದು ತೋರಿಸಿದ. ತೂಕವನ್ನು ನೂರರಿಂದ ಗುಣಿಸಿ ಉದ್ದದ ಘನದಿಂದ ಭಾಗಿಸಿದರೆ ಬರುವ ಅಂಕಿಯೇ ದೇಹಸ್ಥಿತಿ ಸೂಚ್ಯಂಕ. ಅದಕ್ಕೆ ಅವನದೇ ಹೆಸರು ಅಂಟಿದೆ. 30 ಸೆಂ.ಮೀ. ಉದ್ದದ ಮೀನು 270 ಗ್ರಾಂ ತೂಗಿದರೆ ಸೂಚ್ಯಂಕ 1. 324 ಗ್ರಾಂ ತೂಗಿದರೆ 1.2.

1951ರಲ್ಲಿ ಲೆ ಕ್ರೆನ್ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಪರ್ಚ್ ಮೀನುಗಳನ್ನು ಅಧ್ಯಯನ ಮಾಡಿ, ಪ್ರತಿ ಮೀನಿನ ತೂಕವನ್ನು ಅದೇ ಉದ್ದದ ಮೀನಿಗೆ ಅಲ್ಲಿ ಇರಬೇಕಾದ ತೂಕದೊಡನೆ ಹೋಲಿಸುವ ದಾರಿ ಹಾಕಿದ. ಮೊಟ್ಟೆ ತುಂಬಿದಾಗ ತೂಕ ಏರಿ, ಇಟ್ಟ ಮೇಲೆ ಇಳಿಯುವುದೂ ಲೆಕ್ಕಕ್ಕೆ ಬಂತು. ಮುಂಗಾರಿನಲ್ಲಿ ಮರಿ ಮಾಡುವ ನಮ್ಮ ಗೆಂಡೆಗಳಿಗೆ ಇದು ಬಹಳ ಮುಖ್ಯ: ಮಳೆಗೆ ಮುಂಚಿನ ಅಂಕಿಯನ್ನು ಮಳೆಯ ನಂತರದ ಅಂಕಿಯೊಡನೆ ಹೋಲಿಸಿದರೆ ನದಿಯನ್ನು ಸುಮ್ಮನೆ ದೂರಿದಂತಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ಕೆಲಸ ಶುರುವಾದದ್ದು ಪಟ್ಟಿ ಮಾಡುವುದರಿಂದ. 1941ರಲ್ಲಿ ಭೀಮಾಚಾರ್ ಮತ್ತು ಸುಬ್ಬರಾವ್ ಕಡೂರು ಜಿಲ್ಲೆಯ ಮೀನುಗಳನ್ನು ದಾಖಲಿಸಿದರು. 1952ರಲ್ಲಿ ಝಿಂಗ್ರನ್ ಕಾಟ್ಲಾ, ರೋಹು, ಮೃಗಾಲ್‌ಗಳ ಉದ್ದ–ತೂಕದ ಸಂಬಂಧ ಪ್ರಕಟಿಸಿದರು. ಆಮೇಲೆ ಇಂಥ ಲೇಖನಗಳು ದೇಶದ ನದಿ, ಕೆರೆ, ಜಲಾಶಯಗಳಿಂದ ಸಾಲುಸಾಲಾಗಿ ಬಂದವು. ಜಗತ್ತಿನ ಅಂಥ ಅಂಕಿಗಳನ್ನೆಲ್ಲ ಕಲೆಹಾಕಿದ ಫ್ರೋಸ್ 2006ರಲ್ಲಿ ಅವುಗಳನ್ನು ಓದಬೇಕಾದ ಕ್ರಮವನ್ನು ವಿವರಿಸಿದ.

ಆದರೆ ಮೈತುಂಬಿದ ಮೀನು ನದಿಯ ಆರೋಗ್ಯಕ್ಕೆ ಸಾಕ್ಷಿಯೇ? ಕಾವೇರಿಯ ಬಿಳಿಮೀನು, ಅಂದರೆ ಮಶೀರ್, ಅಲ್ಲವೆನ್ನುತ್ತದೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಹಿಡಿದ ಮಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳನ್ನು ಪಿಂಡರ್, ರಾಜೀವ್ ರಾಘವನ್ ಮತ್ತು ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿದಾಗ, ಗೂನುಬೆನ್ನಿನ ಮಶೀರ್ ಸಿಗುವುದು ವಿರಳವಾಗುತ್ತಾ ಸಿಕ್ಕವುಗಳ ಸರಾಸರಿ ಗಾತ್ರ ದೊಡ್ಡದಾಗುತ್ತಾ ಹೋಗಿತ್ತು. ಹಳೆಯ ಮೀನುಗಳು ಬಲಿಯುತ್ತಿದ್ದವು, ಅವುಗಳ ಹಿಂದೆ ಮರಿಗಳು ಬರುತ್ತಿರಲಿಲ್ಲ. 2018ರಲ್ಲಿ ಈ ಮಶೀರ್ ತೀವ್ರ ಅಳಿವಿನಂಚಿನ ಜಾತಿಗಳ ಪಟ್ಟಿ ಸೇರಿತು.

ಕೆಟ್ಟ ನೀರಿನಲ್ಲೂ ಮೀನು ಮೈತುಂಬಬಹುದು: ಕೊಳಚೆಯ ಪೋಷಕಾಂಶಗಳಿಂದ ಪಾಚಿ ಬೆಳೆದರೆ, ಕಡಿಮೆ ಆಮ್ಲಜನಕವನ್ನೂ ತಾಳುವ ಜಿಲೇಬಿ ಮೀನು ಕೊಬ್ಬಬಹುದು. ತಕ್ಕಡಿಗೆ ಕಾಣದ ಹಾನಿಯೂ ಉಂಟು: ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್‌ತೊಂಬಾ ತಂಡ 2022ರಲ್ಲಿ, ಕೃಷ್ಣರಾಜಸಾಗರದ ಬಳಿ ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿ ಬೆಳೆಸಿದ ಜೀಬ್ರಾಮೀನಿನ ಭ್ರೂಣಗಳಲ್ಲಿ ಅಸ್ಥಿವಿಕಾರ, ಡಿಎನ್‌ಎ ಹಾನಿ ಕಂಡಿತು.

ಹಾಗಾಗಿ ಇಲ್ಲಿಯ ಕಾವೇರಿಗೆ ಬೇಕಿರುವುದು ಇನ್ನೊಂದು ಒಂಟಿ ಸೂಚ್ಯಂಕವಲ್ಲ. ಊರ ನೀರು ನದಿ ಸೇರುವ ಜಾಗದ ಮೇಲೂ ಕೆಳಗೂ, ಒಂದೇ ತಿಂಗಳಲ್ಲಿ, ಒಂದೇ ಸ್ಥಳೀಯ ಜಾತಿಯನ್ನು ತೂಗಬೇಕು. ಜೊತೆಗೆ ಮರಿಗಳನ್ನೂ ಎಣಿಸಬೇಕು.