ಗುಡವಿ ಪಕ್ಷಿಧಾಮ: ಸಂರಕ್ಷಣಾ ಸಂಸ್ಥೆಗಳ ಮಾಹಿತಿಯ ಪರಿಶೀಲನೆ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಗುಡವಿ ಕೆರೆಯ ಪಕ್ಷಿಧಾಮ ವಿಸ್ತಾರದಲ್ಲಿ ಒಂದು ಚದರ ಕಿಲೋಮೀಟರ್‌ಗಿಂತ ಚಿಕ್ಕದು. ಇಷ್ಟು ಪುಟ್ಟ ತಾಣದ ಬಗ್ಗೆ ಬರೆಯುವವರು ಪಕ್ಷಿ ಸಂರಕ್ಷಣೆಗಾಗಿ ದನಿಯೆತ್ತುವ ಸಂಸ್ಥೆಗಳ ಪಟ್ಟಿ, ವರದಿ, ಮನವಿಗಳನ್ನೇ ಬಹಳಮಟ್ಟಿಗೆ ನೆಚ್ಚಬೇಕಾಗುತ್ತದೆ. ಅವು ಬೆಲೆಯುಳ್ಳ ಆಕರಗಳು. ಆದರೆ ಕೆರೆ ಉಳಿಯಬೇಕೆಂಬ ನಿಲುವು ಬೇರೆ, ಎಣಿಕೆಯ ದಾಖಲೆ ಬೇರೆ. ನಿಲುವು ಇದ್ದ ಮಾತ್ರಕ್ಕೆ ಎಣಿಕೆ ಸುಳ್ಳಾಗುವುದಿಲ್ಲ, ತಾನಾಗಿ ನಿಜವೂ ಆಗುವುದಿಲ್ಲ.

ಮೊದಲು ನೋಡಬೇಕಾದದ್ದು ಎಣಿಕೆಯ ತಿಂಗಳು. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಇಲ್ಲಿ ಕೆರೆಯೊಳಗಿನ ಮರಗಳ ಮೇಲೆ ಗೂಡು ಕಟ್ಟುವುದು ಮಳೆಗಾಲದಲ್ಲಿ. 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ ನಡೆಯುವುದು ಜನವರಿಯಲ್ಲಿ. ಆ ಗಣತಿಯಲ್ಲಿ ಕೆಂಬರಲು ಕಡಿಮೆ ಕಂಡರೆ ಗುಡವಿಯಲ್ಲಿ ಅವುಗಳ ಸಂತಾನೋತ್ಪತ್ತಿ ಕುಗ್ಗಿತೆಂದು ತೀರ್ಮಾನಿಸಲಾಗದು. ಎಣಿಸಿದ್ದು ಹಕ್ಕಿಯನ್ನೋ ಗೂಡನ್ನೋ ಎಂಬುದೂ ಮುಖ್ಯ: ಮೇವಿಗೆ ಗದ್ದೆಗಳಿಗೆ ಹೋಗಿ ಸಂಜೆ ಮರಳುವ ಹಿಂಡು ಬೆಳಗಿನ ಎಣಿಕೆಯಲ್ಲಿ ಸಿಗುವುದಿಲ್ಲ, ಗೂಡು ಮಾತ್ರ ಮರದಲ್ಲೇ ಇರುತ್ತದೆ. ದಿನಾಂಕ, ಹೊತ್ತು, ವಿಧಾನ ಕೊಡದ ಅಂಕಿಯನ್ನು ಹೋಲಿಕೆಗೆ ಬಳಸಬಾರದು. ಹಲವು ವರ್ಷಗಳಲ್ಲಿ ಕಂಡ ಪ್ರಭೇದಗಳನ್ನೆಲ್ಲ ಕೂಡಿಸಿದ ಪಟ್ಟಿಯನ್ನು ಒಂದು ಋತುವಿನ ಪಟ್ಟಿಯೆಂದು ಓದುವ ತಪ್ಪು ಸಾಮಾನ್ಯ.

ಗಡಿ, ವಿಸ್ತೀರ್ಣ, ಕಾನೂನು ಸ್ಥಾನಮಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಜ್ಯಪತ್ರದಲ್ಲಿ ಬಂದ ಅಧಿಸೂಚನೆಯೇ ಆಧಾರ. ಒಂದೇ ಅಂಕಿ ಹತ್ತು ಕಡೆ ಕಂಡರೂ ಎಲ್ಲವೂ ಒಂದೇ ಹಳೆಯ ವರದಿಯ ನಕಲಾಗಿದ್ದರೆ ಅದು ಒಂದೇ ಸಾಕ್ಷಿ. ಬೇಡಿಕೆ, ಅಪಾಯ, ಸ್ಥಳೀಯರ ಆತಂಕಗಳನ್ನು ತಿಳಿಯಲು ಮಾತ್ರ ಈ ಸಂಸ್ಥೆಗಳ ಬರಹಗಳೇ ಮೂಲ ಆಕರ. ಅಲ್ಲಿ ಸಂಸ್ಥೆಯ ಹೆಸರು ಹೇಳಿ ಉಲ್ಲೇಖಿಸಬೇಕು.