ಯಲಹಂಕದ ವಿಮಾನಪ್ರದರ್ಶನವೂ ಸೂರ್ಯಕಿರಣ ತಂಡವೂ

ಯಲಹಂಕದ ವಾಯುಸೇನಾ ನೆಲೆಯಲ್ಲಿ 1996ರಿಂದ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿರುವ 'ಏರೋ ಇಂಡಿಯಾ' ಪ್ರದರ್ಶನಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯು ನೆರೆನಾಡು. ಅಲ್ಲಿ ಒಂಬತ್ತು ಜೆಟ್ ವಿಮಾನಗಳು ರೆಕ್ಕೆಗೆ ರೆಕ್ಕೆ ಸಮೀಪಿಸಿ ಬಾಣದ ಮೊನೆಯಂತೆ ಕೂಡಿ ಹಾರುವುದನ್ನೂ ಮರುಕ್ಷಣವೇ ಚೆದರುವುದನ್ನೂ ಕಂಡವರು ಅದನ್ನು ನೇತ್ರೋತ್ಸವವೆಂದಷ್ಟೇ ಎಣಿಸುವುದುಂಟು. ಆದರೆ 'ಸೂರ್ಯಕಿರಣ'ವೆಂಬ ಆ ತಂಡದ ವೃತ್ತಾಂತವನ್ನು ಪರಿಶೀಲಿಸಿದರೆ, ಅದು ಮುಖ್ಯವಾಗಿ ಶಿಕ್ಷಣದ ಚರಿತ್ರೆಯೆಂಬುದು ವ್ಯಕ್ತವಾಗುತ್ತದೆ.

ಇದರ ಮೂಲವು ಈ ನಾಡಿನಲ್ಲಿಯೇ ಇದೆ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದೇಶದಲ್ಲಿ ಯಂತ್ರೋದ್ಯಮವು ನೆಲೆಗೊಳ್ಳಬೇಕೆಂದು ಬಹುಕಾಲ ಪ್ರತಿಪಾದಿಸಿದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ನಿರ್ಮಿತವಾದ 'ಕಿರಣ್' ವಿಮಾನವು 1964ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿತು. ಗುರುವೂ ಶಿಷ್ಯನೂ ಪಕ್ಕಪಕ್ಕದಲ್ಲಿ ಕುಳಿತು ಹಾರಾಟವನ್ನು ಅಭ್ಯಸಿಸುವುದಕ್ಕಾಗಿಯೇ ಕಲ್ಪಿತವಾದ ಯಂತ್ರವದು.

ವಾಯುಸೇನೆಯಲ್ಲಿ 1982ರಲ್ಲಿ ರೂಪುಗೊಂಡ 'ಥಂಡರ್‌ಬೋಲ್ಟ್ಸ್' ತಂಡವು ಹಂಟರ್ ಯುದ್ಧವಿಮಾನಗಳನ್ನು ಬಳಸುತ್ತಿದ್ದಿತು. ಅದು ವಿಸರ್ಜಿತವಾದ ತರುವಾಯ, 1996ರಲ್ಲಿ ಬೀದರದ ನೆಲೆಯಲ್ಲಿ ಹುಟ್ಟಿದ ಸೂರ್ಯಕಿರಣ ತಂಡವಾದರೋ ಶಿಕ್ಷಣದ ವಿಮಾನವನ್ನೇ ಆರಿಸಿಕೊಂಡಿತು. ತಂಡದ ನಾಮದಲ್ಲಿ ಆ ವಿಮಾನದ ಹೆಸರೂ ಅಡಕವಾಗಿದೆ. ಈ ಸಂಬಂಧದ ಸತ್ವವು 2011ರಲ್ಲಿ ಪರೀಕ್ಷೆಗೊಳಗಾಯಿತು. ಶಿಕ್ಷಣವಿಮಾನಗಳ ಅಭಾವವುಂಟಾಗಲು, ಆ ವರ್ಷದ ಯಲಹಂಕ ಪ್ರದರ್ಶನದ ಬಳಿಕ ತಂಡವನ್ನು ನಿಲ್ಲಿಸಿ, ಅದರ ವಿಮಾನಗಳನ್ನು ಶಿಷ್ಯರ ಅಭ್ಯಾಸಕ್ಕೆ ಒಪ್ಪಿಸಲಾಯಿತು. ಜನರ ವಿನೋದಕ್ಕಿಂತ ವಿದ್ಯೆಗೇ ಪ್ರಾಶಸ್ತ್ಯ ದೊರೆಯಿತು. 2015ರಲ್ಲಿ ತಂಡವು ಪುನಃ ರೂಪುಗೊಂಡಾಗ ಅದಕ್ಕೆ ದೊರೆತ 'ಹಾಕ್' ವಿಮಾನವೂ ಶಿಕ್ಷಣಾರ್ಥವಾದುದೇ. ಆಂಗ್ಲ ದೇಶದಲ್ಲಿ ಕಲ್ಪಿತವಾದ ಅದನ್ನು ಬೆಂಗಳೂರಿನ ಅದೇ ಸಂಸ್ಥೆಯು ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೆಸರಿನಲ್ಲಿ ನಿರ್ಮಿಸಿತು.

ಈ ವಿದ್ಯೆಗೆ ತೆತ್ತ ಬೆಲೆಯನ್ನು ಚರಿತ್ರಕಾರನು ಮರೆಯಲಾಗದು. 2006ರ ಮಾರ್ಚಿಯಲ್ಲಿ ಬೀದರದ ಬಳಿ ಅಭ್ಯಾಸದಲ್ಲಿದ್ದ ತಂಡದ ಇಬ್ಬರು ವೈಮಾನಿಕರು ಮಡಿದರು. 2019ರ ಫೆಬ್ರವರಿ 19ರಂದು, ಪ್ರದರ್ಶನದ ಆರಂಭಕ್ಕೆ ಹಿಂದಿನ ದಿನ, ಯಲಹಂಕದ ಆಕಾಶದಲ್ಲಿ ಎರಡು ಹಾಕ್‌ಗಳು ಪರಸ್ಪರ ತಗುಲಿ ಬಿದ್ದುವು. ಇಬ್ಬರು ಪಾರಾದರೂ ಒಬ್ಬರು ಪ್ರಾಣವನ್ನೊಪ್ಪಿಸಿದರು. ಎರಡೂ ಅಭ್ಯಾಸಕಾಲದ ದುರಂತಗಳೆಂಬುದು ಗಮನಾರ್ಹ. 2021ರ ಪ್ರದರ್ಶನದಲ್ಲಿ ತಂಡವು ಅದೇ ಆಕಾಶದಲ್ಲಿ ಮತ್ತೆ ಹಾರಿತು.

ಆದುದರಿಂದ ಈ ಹಾರಾಟವನ್ನು ಕೇವಲ ಕೌತುಕವೆಂದು ವರ್ಣಿಸುವುದು ಅಸಮಗ್ರ. ಬೆಂಗಳೂರಿನ ಕಾರ್ಖಾನೆ, ಬೀದರದ ಗುರುಕುಲ, ಯಲಹಂಕದ ರಂಗ, ಈ ಮೂರೂ ಕೂಡಿದ ಕನ್ನಡನಾಡಿನ ವಿದ್ಯಾಚರಿತ್ರೆಯಲ್ಲಿ ಅದಕ್ಕೆ ಸ್ಥಾನವು ಸಲ್ಲತಕ್ಕದ್ದು.